ಅಕ್ಕನ ವರ್ಷ, ನನ್ನ ವರ್ಷ

ಅಜ್ಜಿ ಎಲೆಅಡಿಕೆ ಕುಟ್ಟುವ ಪುಟ್ಟ ಕಲ್ಲಿಗೆ ನಮ್ಮ ಮನೆಯಲ್ಲಿ ಎರಡು ಸಲ ಗಡೀಪಾರಿನ ಶಿಕ್ಷೆಯಾಯಿತು. ಮೊದಲನೆಯದು ಅಕ್ಕ ಸೆಕೆಂಡ್ ಪಿಯುಸಿಗೆ ಕಾಲಿಟ್ಟಾಗ, ಎರಡನೆಯದು ನಾನು ಕಾಲಿಟ್ಟಾಗ. ಹಲ್ಲಿಲ್ಲದ ಅಜ್ಜಿ ಊಟವಾದ ಮೇಲೆ ನಡುಮನೆಯ ಗೋಡೆಗೆ ಒರಗಿ, ಕಾಲು ಚಾಚಿ, ಎಲೆ, ಅಡಿಕೆ, ಸುಣ್ಣ ಹಾಕಿ ಟಕಟಕನೆ ಕುಟ್ಟಿ ಬಾಯಿಗೆ ಹಾಕಿಕೊಂಡರೇ ಅವಳ ದಿನ ಪೂರ್ತಿಯಾಗುತ್ತಿದ್ದದ್ದು. ಆ ಸದ್ದಿಗೆ ಓದಿದ್ದೆಲ್ಲ ಮಕ್ಕಳ ತಲೆಯಿಂದ ಉದುರಿಹೋಗುತ್ತದೆ ಎಂದು ಅಪ್ಪನ ನಂಬಿಕೆ. ಕಲ್ಲನ್ನು ತಾನೇ ಎತ್ತಿಕೊಂಡು ಹೋಗಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟು ಬಂದ.

"ನಾನೇನ್ ತಮಟೆ ಬಾರಿಸ್ತಿದೀನಾ? ಎಲೆ ಕುಟ್ಟೋಕೂ ನಿನ್ ಮಗಳ ಪರೀಕ್ಷೆ ಮುಗೀಬೇಕೇನ್ಲಾ?"

"ಒಂದ್ವರ್ಷ ತಡ್ಕೊಳ್ಳವ್ವ. ಸೀಟ್ ಆಗ್ಲಿ. ಆಮೇಲೆ ಬೀದಿಗೆಲ್ಲಾ ಕೇಳೋ ಹಂಗೆ ಕುಟ್ಟು."

ತುಮಕೂರಿನಿಂದ ಸತ್ಯಮಂಗಲದ ಕಡೆ ಹೋಗುವ ರಸ್ತೆಯ ಒಂದು ಕ್ರಾಸಿನಲ್ಲಿ ನಮ್ಮ ಮನೆ. ಸಂಬಳದಲ್ಲಿ ಉಳಿದಾಗ ಒಂದು ಗೋಡೆ, ಬೋನಸ್ ಬಂದಾಗ ಒಂದು ಬಾಗಿಲು ಎಂದು ಅಪ್ಪ ಕಟ್ಟಿಸುತ್ತಾ ಬಂದದ್ದು. ಮುಂದೆ ವರಾಂಡ, ಆಮೇಲೆ ನಡುಮನೆ, ಅದರ ಮಗ್ಗುಲಿಗೆ ಬೆಳಕು ಬೀಳದ ಒಂದು ಕೋಣೆ, ಹಿಂದೆ ಅಡುಗೆಮನೆ. ಅಕ್ಕನ ವರ್ಷದಲ್ಲಿ ವರಾಂಡಕ್ಕೆ ಇಟ್ಟಿಗೆ ಏರಿಸಿ ಮೇಲೆ ಶೀಟು ಹೊಡೆಸಿ ಅದಕ್ಕೆ 'ಓದೋ ರೂಮು' ಎಂದು ಹೆಸರಿಟ್ಟರು. ಬೀದಿಯ ಕಡೆ ಒಂದು ಕಿಟಕಿ ಇತ್ತು. ಹುಡುಗರು ಕ್ರಿಕೆಟ್ ಆಡುವುದು ಅದರಿಂದ ಕಾಣುತ್ತದೆ ಎಂದು ಅಪ್ಪ ಅದಕ್ಕೆ ಪ್ಲೈವುಡ್ ಬಡಿದ. ಆಡುವುದು ಕಾಣದಂತಾಯಿತೇ ಹೊರತು ಕೇಳದಂತಾಗಲಿಲ್ಲ. ಯಾರು ಔಟು, ಯಾರು ಒಪ್ಪುತ್ತಿಲ್ಲ, ಯಾರ ಅಮ್ಮ ಕೂಗುತ್ತಿದ್ದಾಳೆ ಎಲ್ಲವೂ ಒಳಗೆ ಬರುತ್ತಿತ್ತು. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ಕುಳಿತು ಓದುವಾಗ ಬೆವರಿಗೆ ಪುಸ್ತಕದ ಹಾಳೆ ಮೊಣಕೈಗೆ ಅಂಟಿಕೊಂಡು ಬರುತ್ತಿತ್ತು.

ಅಪ್ಪ ಕೆಟ್ಟವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳಲು ನನಗೆ ಮನಸ್ಸು ಬರುತ್ತದೋ ಇಲ್ಲವೋ. ಹುಡುಗನಾಗಿದ್ದಾಗ ಇಂಜಿನಿಯರಿಂಗ್ ಸೀಟು ಸ್ವಲ್ಪದರಲ್ಲಿ ತಪ್ಪಿ, ಅವನು ಡಿಪ್ಲೊಮಾ ಮಾಡಿಕೊಂಡು, ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ. ಮಶೀನುಗಳ ಮೈ ಅವನಿಗೆ ಗೊತ್ತಿತ್ತು. ಆದರೆ ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಇಂಜಿನಿಯರ್ ಹುಡುಗ ಒಳಗೆ ಬಂದರೆ ಅಪ್ಪ ಕುರ್ಚಿ ಬಿಟ್ಟು ಏಳಬೇಕಾಗಿತ್ತು. ಆ ಏಳುವುದರಿಂದ ಅವನಿಗೆ ಮೊಣಕಾಲಿಗಿಂತ ಬೇರೆ ಎಲ್ಲೋ ನೋಯುತ್ತಿತ್ತು. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಹೊಸಿಲ ಮೇಲೆ ನಿಂತು ಕೇಳುತ್ತಿದ್ದದ್ದು ಒಂದೇ ಮಾತು.

"ಇವತ್ತೆಷ್ಟು ಬಂತು?"

ಟ್ಯೂಷನ್ನಿನ ಟೆಸ್ಟಿನಲ್ಲಿ ಬಂದ ಅಂಕ ಎಂದು ಅರ್ಥ. ಅಂಕ ಚೆನ್ನಾಗಿದ್ದರೆ ಅಮ್ಮ ಕಾಫಿ ತರುವುದರೊಳಗೆ ಅವನ ಮುಖ ಸಡಿಲವಾಗುತ್ತಿತ್ತು, ಬೀದಿ ತುದಿಯ ಅಂಗಡಿಯಿಂದ ಬಿಸಿ ಬೋಂಡ ಬರುತ್ತಿತ್ತು. ಕಡಿಮೆಯಾದರೆ ಯಾರನ್ನೂ ಬೈಯುತ್ತಿರಲಿಲ್ಲ. ಸುಮ್ಮನೆ ಊಟ ಮಾಡಿ ಎದ್ದುಬಿಡುತ್ತಿದ್ದ. ಬೈದಿದ್ದರೇ ಚೆನ್ನಾಗಿತ್ತು ಎಂದು ನಾನೂ ಅಕ್ಕನೂ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ. ಇಡೀ ಮನೆ ಅವನ ಆ ಮೌನದ ಸುತ್ತ ತುದಿಗಾಲಲ್ಲಿ ಓಡಾಡುತ್ತಿತ್ತು. ಕೇಬಲ್ ತೆಗೆಸಿ ಟಿವಿಗೆ ಹಳೇ ಪಂಚೆ ಹೊದಿಸಿದ್ದರು. ಗುಬ್ಬಿಯ ಕಡೆಯ ನೆಂಟರಿಗೆ "ಈ ವರ್ಷ ಬರ್ಬೇಡಿ, ನಾವೇ ಬರ್ತೀವಿ" ಎಂದು ಹೇಳಿಯಾಗಿತ್ತು. ನಾವೂ ಹೋಗಲಿಲ್ಲ. ಮಧ್ಯಾಹ್ನ ಮುದ್ದೆ ತಿಂದರೆ ನಿದ್ದೆ ಬರುತ್ತದೆ ಎಂದು ಮುದ್ದೆಯೂ ಬಂದ್. ರಾಗಿ ತಿಂದು ಬೆಳೆದ ಹೊಟ್ಟೆಗಳಿಗೆ ಎರಡು ಚಪಾತಿ ಕೊಟ್ಟು ಬುದ್ಧಿ ಚುರುಕಾಗಲಿ ಎಂದು ಕಾಯುತ್ತಿದ್ದರು. ಅಜ್ಜಿ ಮಾತ್ರ ತನ್ನ ಮುದ್ದೆಯನ್ನು ಹಿತ್ತಲಿಗೆ ಒಯ್ದು ತನ್ನ ಕಲ್ಲಿನ ಪಕ್ಕ ಕುಳಿತು ನುಂಗಿ ಬರುತ್ತಿದ್ದಳು.

ಅಮ್ಮ ಗೂಳೂರು ಗಣಪನಿಗೆ ಹರಕೆ ಹೊತ್ತಳು. ಕಾರ್ತಿಕದಲ್ಲಿ ಹೋಗಿ, ಅಷ್ಟು ದೊಡ್ಡ ಮಣ್ಣಿನ ಗಣಪನ ಮುಂದೆ ನಿಂತು, ಸಿಇಟಿ ಎಂದರೇನು, ಅದರಲ್ಲಿ ಪಿಯುಸಿ ಅಂಕ ಅರ್ಧ ಸೇರುತ್ತದೆ, ಇನ್ನರ್ಧ ಆ ಪರೀಕ್ಷೆಯದು ಎಂದು ಬಿಡಿಸಿ ಹೇಳಿ ಬಂದಳಂತೆ. ದೇವರಿಗೆ ಗೊಂದಲ ಆಗಬಾರದು ನೋಡಿ. ನಗು ಬರುತ್ತದೆ ಈಗ. ಆಗ ನಗುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಅಕ್ಕ ಶೋಭ ನನಗಿಂತ ನಾಲ್ಕು ವರ್ಷ ದೊಡ್ಡವಳು, ನನಗಿಂತ ಬಹಳ ಜಾಣೆ. ಇದು ವಿನಯದ ಮಾತಲ್ಲ. ನಾನು ಒಂದು ಲೆಕ್ಕದ ಮುಂದೆ ಕುಳಿತು ಉಗುರು ಕಚ್ಚುತ್ತಿದ್ದರೆ ಅವಳು ಹೂ ಕಟ್ಟುತ್ತಲೇ ಬಗ್ಗಿ ನೋಡಿ "ಅಲ್ಲಿ ಮೈನಸ್ ಕಣೇ" ಎನ್ನುತ್ತಿದ್ದಳು. ಪಿಯುಸಿಯಲ್ಲಿ ಅವಳಿಗೆ ಬಂದ ಅಂಕ ಕೇಳಿ ನಮ್ಮ ಕ್ರಾಸಿನವರೆಲ್ಲ ಸಿಹಿ ಕೇಳಿಕೊಂಡು ಬಂದಿದ್ದರು. ಆದರೆ ಸಿಇಟಿಯ ಗಣಿತದ ಪತ್ರಿಕೆಯಲ್ಲಿ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದವಳು ಉತ್ತರದ ಹಾಳೆಯಲ್ಲಿ ಆ ಸಾಲನ್ನು ಬಿಡಲಿಲ್ಲ. ಅಲ್ಲಿಂದ ಮುಂದೆ ಅವಳ ಸರಿಯುತ್ತರಗಳೆಲ್ಲ ಒಂದೊಂದು ಸಾಲು ಮೇಲಿನ ವೃತ್ತಗಳಲ್ಲಿ ಕುಳಿತವು. ಪೆನ್ನಿನಲ್ಲಿ ಕಪ್ಪು ಮಾಡಿದ್ದು. ಗೊತ್ತಾಗುವ ಹೊತ್ತಿಗೆ ಹಾಳೆ ಕಿತ್ತುಕೊಳ್ಳುವವರು ಪಕ್ಕದ ಬೆಂಚಿಗೆ ಬಂದಿದ್ದರು. ಮನೆಗೆ ಬಂದವಳು ಅಪ್ಪ ಕೇಳುವ ಮೊದಲೇ ಹೇಳಿದಳು.

"ಅಪ್ಪ, ಗೊತ್ತಿತ್ತಪ್ಪ. ಎಲ್ಲಾ ಗೊತ್ತಿತ್ತು. ತಪ್ಪು ಜಾಗಕ್ಕೆ ತುಂಬ್ಬಿಟ್ಟೆ."

ಅಪ್ಪ ಶೂ ಬಿಚ್ಚದೆ ಹೊಸಿಲ ಮೇಲೆಯೇ ಬಹಳ ಹೊತ್ತು ಕುಳಿತಿದ್ದ. ರ್‍ಯಾಂಕು ಬಂದಾಗ ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಆ ರ್‍ಯಾಂಕಿಗೆ ದುಡ್ಡು ಕಟ್ಟಿಸಿಕೊಂಡು ಕೊಡುವ ಸೀಟುಗಳಿದ್ದವು, ನಮ್ಮಲ್ಲಿ ದುಡ್ಡಿರಲಿಲ್ಲ. ಇನ್ನೊಂದು ವರ್ಷ ಕೂತು ಬರೀತೀನಿ ಎಂದಳು ಅಕ್ಕ. ಹೆಣ್ಣುಮಗಳನ್ನು ವರ್ಷಗಟ್ಟಲೆ ಮನೆಯಲ್ಲಿ ಕೂರಿಸಿಕೊಂಡರೆ ಜನ ಏನಂತಾರೆ ಎಂದರು ಅಪ್ಪ, ಅಮ್ಮ. ಊರಿನ ಡಿಗ್ರಿ ಕಾಲೇಜಿಗೆ ಸೇರಿಸಿದರು. ಅದು ಮುಗಿಯುವ ಮೊದಲೇ ಕುಣಿಗಲ್ ತಾಲ್ಲೂಕಿನಿಂದ, ಹುತ್ರಿದುರ್ಗದ ಬುಡದ ಊರೊಂದರಿಂದ, ಗಂಡು ಬಂತು. ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಒಳ್ಳೇ ಜನ. ಭಾವ ನಿಜವಾಗಿಯೂ ಒಳ್ಳೆಯವರು. ಆದರೂ ಮದುವೆಯ ಹಿಂದಿನ ದಿನ ಅಕ್ಕ ಓದೋ ರೂಮಿಗೆ ಹೋಗಿ ತನ್ನ ಪುಸ್ತಕಗಳನ್ನೆಲ್ಲ ನನ್ನ ಕಡೆ ತಳ್ಳಿ, "ನಿನ್ ಸರದಿ" ಎಂದಾಗ ನನಗೆ ಹೆದರಿಕೆಯಾಯಿತು. ರ್‍ಯಾಂಕು ಬಂದರೆ ಓದು, ಬಾರದಿದ್ದರೆ ಮದುವೆ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕಣ್ಣೆದುರಿಗೇ ನಡೆದಿತ್ತಲ್ಲ.

ನನ್ನ ವರ್ಷದಲ್ಲಿ ಎಲ್ಲವೂ ಮತ್ತೆ ಬಂತು. ಪಂಚೆ ಟಿವಿಯ ಮೇಲೆ ಹೋಯಿತು, ಕಲ್ಲು ಹಿತ್ತಲಿಗೆ ಹೋಯಿತು, ಮುದ್ದೆ ನಿಂತಿತು, ಅಮ್ಮ ಗಣಪನಿಗೆ ಎರಡನೇ ಸಲ ಸಿಇಟಿ ವಿವರಿಸಿದಳು. ಹೊಸದೆಂದರೆ ಅಕ್ಕನ ಬಾಣಂತನ. ಪರೀಕ್ಷೆಗೆ ಸ್ವಲ್ಪ ಮುಂಚೆ ಅವಳಿಗೆ ಗಂಡು ಮಗುವಾಗಿ, ನಡುಮನೆಯ ಮಗ್ಗುಲಿನ ಆ ಕತ್ತಲೆ ಕೋಣೆ ಬಾಣಂತಿ ಕೋಣೆಯಾಯಿತು. ಅಲ್ಲೂ ಕಿಟಕಿ ಮುಚ್ಚಿತ್ತು, ಗಾಳಿ ಸೋಕಬಾರದೆಂದು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಮೆಣಸಿನ ಸಾರನ್ನ ಕೊಟ್ಟು ಅಮ್ಮ ಅವಳನ್ನು ಒಳಗೆ ಕೂರಿಸಿದ್ದಳು. ಮುಂದಿನ ರೂಮಿನಲ್ಲಿ ನಾನು, ಒಳಗಿನ ಕೋಣೆಯಲ್ಲಿ ಅವಳು. ನನಗೆ ಇಂಥದ್ದು ತಿನ್ನಬಾರದು, ಅವಳಿಗೆ ಇಂಥದ್ದು ತಿನ್ನಬಾರದು. ನಾನು ಹೊರಗೆ ಹೋಗಬಾರದು, ಅವಳೂ ಹೋಗಬಾರದು. ಸಾಯಂಕಾಲ ಮಗುವಿಗೆ ಹಾಕಿದ ಸಾಂಬ್ರಾಣಿ ಹೊಗೆ ಓದೋ ರೂಮಿಗೂ ಬಂದು ನನ್ನ ಭೌತಶಾಸ್ತ್ರದ ಪುಸ್ತಕಕ್ಕೆಲ್ಲ ಆ ವಾಸನೆ ಹತ್ತಿಕೊಂಡಿತ್ತು. ಮಗು ಅತ್ತರೆ ಅಪ್ಪ ನಡುಮನೆಯಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅಷ್ಟಕ್ಕೇ ಅಕ್ಕ ಗಾಬರಿಯಾಗಿ ಮಗುವಿನ ಬಾಯನ್ನು ಎದೆಗೆ ಒತ್ತಿ ಹಿಡಿದುಕೊಳ್ಳುವಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಎದ್ದು ಹೋಗಿ, "ಅಳ್ಲಿ ಬಿಡೇ, ಅಳೋದ್ರಿಂದ ನನ್ ಮಾರ್ಕ್ಸೇನೂ ಕಮ್ಮಿ ಆಗಲ್ಲ" ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ವಾಪಸು ಓದಲು ಕಳಿಸಿದಳು.

ನನ್ನ ಅಂಕಗಳು ಹೇಗಿದ್ದರೂ ಕಡಿಮೆಯೇ ಇದ್ದವು. ಟ್ಯೂಷನ್ನಿನ ಮಾದರಿ ಪರೀಕ್ಷೆಗಳಲ್ಲಿ ನಾನು ಎಂದೂ ನಡುವಿನಿಂದ ಮೇಲೆ ಹೋಗಲಿಲ್ಲ. ಸಿಇಟಿಯೂ ಹಾಗೆಯೇ ಆಯಿತು. ಪರೀಕ್ಷೆ ಮುಗಿಸಿ ಕೀ ಉತ್ತರ ನೋಡಿದ ದಿನ ಅಪ್ಪನಿಗೂ ನನಗೂ ಗೊತ್ತಾಗಿಹೋಗಿತ್ತು. ಅಪ್ಪ ಹೆಸರು ಹೇಳಲು ಒಪ್ಪುವಂಥ ಯಾವ ಇಂಜಿನಿಯರಿಂಗ್ ಕಾಲೇಜೂ ನನ್ನನ್ನು ಒಳಗೆ ಬಿಡುವುದಿಲ್ಲ ಎಂದು. ನಾನು ಮನಸ್ಸಿನಲ್ಲೇ ಕುಣಿಗಲ್ ಬಸ್ಸು ಹತ್ತಿ ಕುಳಿತಿದ್ದೆ. ಆಗ ಒಂದು ಭಾನುವಾರ ಊಟಕ್ಕೆ ಕುಳಿತಿದ್ದಾಗ ಅಪ್ಪ ತಟ್ಟೆ ನೋಡಿಕೊಂಡೇ ಹೇಳಿದ, ಬಿ.ಎಸ್ಸಿ ಅಗ್ರಿಗೆ ಕೃಷಿಕರ ಕೋಟಾ ಅಂತ ಇದೆಯಂತೆ, ಅರ್ಜಿ ಹಾಕಿದ್ದೀನಿ ಎಂದು. ಅದರಲ್ಲಿ ಪಿಯುಸಿಯೂ ಸಿಇಟಿಯೂ ಸೇರಿ ಎಷ್ಟು ಲೆಕ್ಕಕ್ಕೆ ಬರುತ್ತವೋ ಅಷ್ಟೇ ಪಾಲು ಪ್ರಾಯೋಗಿಕ ಪರೀಕ್ಷೆಯದು. ರೈತರ ಮಕ್ಕಳು ಬೀಜ, ಗೊಬ್ಬರ, ಕಳೆ, ಉಳುಮೆ ಸಾಮಾನು ಗುರುತು ಹಿಡಿದು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಗುಬ್ಬಿ ಹತ್ತಿರ ಅಜ್ಜಿಯ ಹೆಸರಿನಲ್ಲಿ ತೆಂಗಿನ ತೋಟವೂ ರಾಗಿ ಹೊಲವೂ ಇದ್ದವು. ಅಪ್ಪನ ಸಂಬಳವೂ ಸೇರಿ ನಮ್ಮ ಆದಾಯ ಆ ಕೋಟಾದ ಮಿತಿಯೊಳಗೇ ಇತ್ತು. ಅಜ್ಜಿಯನ್ನು ಗುಬ್ಬಿಯ ತಾಲ್ಲೂಕು ಆಫೀಸಿಗೆ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿ ಆಗಲೇ ಪ್ರಮಾಣಪತ್ರ ಮಾಡಿಸಿದ್ದ.

ಒಳಗಿನ ಕೋಣೆಯಿಂದ ಅಕ್ಕನ ದನಿ ಬಂತು.

"ಇದ್ಯಾವಾಗ್ ಬಂತಪ್ಪ? ನಾನ್ ಕೇಳೇ ಇರ್ಲಿಲ್ಲ."

"ಹೊಸ್ದು. ಈಗೀಗ ಮಾಡವ್ರೆ," ಎಂದ ಅಪ್ಪ. ಮಜ್ಜಿಗೆ ಬಡಿಸಿಕೊಂಡ.

ಆಮೇಲಿನ ಕೆಲವು ವಾರ ನಮ್ಮ ಮನೆ ಸ್ವಲ್ಪ ಉಸಿರಾಡಿತು. ಸಿಟಿಯಲ್ಲಿ ಬೆಳೆದ ನನಗೆ ತೋಟವೆಂದರೆ ಬೇಸಿಗೆ ರಜೆಯಲ್ಲಿ ಎಳನೀರು ಕುಡಿಯುವ ಜಾಗ. ಎಳ್ಳಿಗೂ ಹುಚ್ಚೆಳ್ಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಜ್ಜಿ ಊರಿಂದ ಹರಳು, ಹುರುಳಿ, ಅಲಸಂದೆ, ನವಣೆ, ಸಾಮೆ ಎಲ್ಲ ಒಂದೊಂದು ಹಿಡಿ ತರಿಸಿದಳು. ಪಾಠ ನಡೆಯುತ್ತಿದ್ದದ್ದು ಬಾಣಂತಿ ಕೋಣೆಯಲ್ಲಿ, ಅಕ್ಕನ ಮಂಚದ ಮೇಲೆ. ಮಗು ಅವಳ ತೊಡೆಯ ಮೇಲೆ ಮಲಗಿರುತ್ತಿತ್ತು. ಅವಳು ನನ್ನ ಅಂಗೈಗೆ ಒಂದೊಂದು ಕಾಳು ಹಾಕಿ ಕೇಳುವಳು. ಕುಣಿಗಲ್ಲಿಗೆ ಹೋದ ಮೇಲೆ ಅತ್ತೆಯ ಹಿಂದೆ ಹೊಲಕ್ಕೆ ಹೋಗಿ ಹೋಗಿ ಅವಳಿಗೆ ಇದೆಲ್ಲ ಅಭ್ಯಾಸವಾಗಿತ್ತು. ಬಿತ್ತುವ ಕೂರಿಗೆ ಯಾವ ಬೆಳೆಗೆ, ಕಳೆ ತೆಗೆಯುವ ಕುಂಟೆ ಯಾವಾಗ, ರಾಗಿ ಪೈರಿನ ನಡುವೆ ಅದರಂತೆಯೇ ಕಾಣುವ ಕಳೆ ಯಾವುದು ಎಂದು ಬೆರಳಾಡಿಸುತ್ತಾ ಹೇಳುವಳು. ನಾನು ತಪ್ಪು ಹೇಳಿದರೆ ನಗುವಳು. ಮದುವೆಯಾದ ಮೇಲೆ ಅವಳು ನಮ್ಮ ಮನೆಯಲ್ಲಿ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಬರೀ ಕಣ್ಣಲ್ ನೋಡ್ಬೇಡ್ವೇ. ಬಾಯಿಗ್ ಹಾಕು. ಕಡಿ."

"ಯಾಕೆ?"

"ಕಟ್ ಅಂದ್ರೆ ಒಣಗೈತೆ ಅಂತ. ಹಲ್ಲಿಗ್ ಮೆತ್ಕೊಂಡ್ರೆ ಇನ್ನೂ ಬಿಸ್ಲು ಬೇಕು. ನಮ್ಮತ್ತೆ ತೊಗರಿ ಕೊಡೋವಾಗ್ಲೂ ಅಷ್ಟೆ, ತಗೊಳ್ಳೋವಾಗ್ಲೂ ಅಷ್ಟೆ, ಕಡೀದೆ ಮಾತೇ ಆಡಲ್ಲ."

ನಾನು ಕಡಿದೆ. ದಿನವೂ ಕಡಿದೆ. ತೊಗರಿ, ರಾಗಿ, ಹುರುಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಡಿದು ಕಡಿದು ಅದು ಉಗುರು ಕಚ್ಚುವ ಚಟದ ಹಾಗೆ ಅಂಟಿಕೊಂಡಿತು. ಅಮ್ಮ ಅಕ್ಕಿ ಆರಿಸಲು ಕೊಟ್ಟರೂ ಒಂದು ಕಾಳು ಬಾಯಿಗೆ ಹೋಗುತ್ತಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, "ಹಲ್ಲಿರೋವಾಗ ಕಡ್ಕೊಳ್ಳವ್ವ" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದಳು.

ಪ್ರಾಯೋಗಿಕ ಪರೀಕ್ಷೆಗೆ ಅಪ್ಪ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋದ. ಒಂದು ಕೃಷಿ ಕಾಲೇಜಿನ ದೊಡ್ಡ ಹಾಲ್. ಉದ್ದಕ್ಕೆ ಮೇಜು, ಮೇಜಿನ ಮೇಲೆ ತಟ್ಟೆಗಳು, ಆಚೆ ಕಡೆ ಮೇಷ್ಟ್ರುಗಳು. ಹೊರಗೆ ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದಿನ ಹುಡುಗಿ ಕಣ್ಣು ಮುಚ್ಚಿಕೊಂಡು ಗೊಬ್ಬರಗಳ ಹೆಸರನ್ನು ಮಗ್ಗಿಯ ಹಾಗೆ ಒಪ್ಪಿಸಿಕೊಳ್ಳುತ್ತಿದ್ದಳು. ಅವಳೂ ಯಾರೋ ಒಬ್ಬರ ಮನೆಯ ಓದೋ ರೂಮಿನಿಂದಲೇ ಬಂದವಳು. ಇದೂ ಒಂದು ಪರೀಕ್ಷೆಯೇ, ಇಲ್ಲೂ ಒಂದು ಸಾಲು ತಪ್ಪಿದರೆ ಮುಗಿಯಿತು ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಒಳಗೆ ಹೋದೆ. ನೊಗ ಹೇಳಿದೆ, ಕೂರಿಗೆ ಹೇಳಿದೆ, ಬೇವಿನ ಹಿಂಡಿ ಮೂಸಿ ಹೇಳಿದೆ. ಆಮೇಲೆ ಒಂದು ತಟ್ಟೆಯಲ್ಲಿ ಗುಲಾಬಿ ಬಣ್ಣದ ಕಾಳು. ಆ ಬಣ್ಣದ ಕಾಳನ್ನು ನಾನು ಜನ್ಮದಲ್ಲೇ ನೋಡಿರಲಿಲ್ಲ. ಆಕಾರ ತೊಗರಿಯದು, ಬಣ್ಣ ಮದುವೆಮನೆಯದು. ಗಾಬರಿಯಲ್ಲಿ ಕೈ ತನ್ನ ಅಭ್ಯಾಸದ ಕೆಲಸ ಮಾಡಿತು. ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡು ಕಟ್ ಎಂದು ಕಡಿದೆ.

ಮೇಷ್ಟ್ರು ಕುರ್ಚಿಯಿಂದ ಹಾರಿ ನಿಂತರು.

"ಏಯ್, ಉಗಿಯಮ್ಮಾ! ಉಗಿ ಮೊದ್ಲು! ಔಷಧಿ ಹಚ್ಚಿರೋ ಬಿತ್ನೆ ಬೀಜ ಕಣಮ್ಮ ಅದು!"

ಯಾರೋ ಓಡಿ ಹೋಗಿ ನೀರು ತಂದರು. ಮೂಲೆಗೆ ಹೋಗಿ ಬಾಯಿ ಮುಕ್ಕಳಿಸಿದೆ, ಮತ್ತೆ ಮತ್ತೆ ಮುಕ್ಕಳಿಸಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವಮಾನಕ್ಕೆ ಕಣ್ಣಲ್ಲಿ ನೀರು ಬಂತು. ವಾಪಸು ಬಂದು ಮೇಜಿನ ಮುಂದೆ ನಿಂತಾಗ ಆ ಮೇಷ್ಟ್ರು ಇನ್ನೂ ಏದುಸಿರು ಬಿಡುತ್ತಿದ್ದರು.

"ಯಾಕಮ್ಮ ಬಾಯಿಗ್ ಹಾಕೊಂಡೆ?"

"ಒಣಗಿದ್ಯಾ ಅಂತ ನೋಡ್ದೆ ಸರ್. ತೊಗರಿ ಸರ್ ಅದು."

"ಒಣಗಿತ್ತಾ?"

"ಚೆನ್ನಾಗ್ ಒಣಗಿದೆ ಸರ್."

ಅವರು ನಗಲಿಲ್ಲ. ಪಕ್ಕದವರ ಮುಖ ನೋಡಿ, ಏನೋ ಬರೆದುಕೊಂಡು, ಮುಂದಿನ ತಟ್ಟೆಗೆ ಕಳಿಸಿದರು. ಹೊರಗೆ ಬಂದು ಅಪ್ಪನಿಗೆ ನಡೆದದ್ದು ಹೇಳಿದೆ. ಅವನು ಮೊದಲು ನನ್ನ ಬಾಯಿ ತೆರೆಸಿ ನೋಡಿದ, ಎಳನೀರು ಕುಡಿಸಿದ, ಹೊಟ್ಟೆ ನೋಯುತ್ತಾ ಎಂದು ಕೇಳಿದ. ಬಸ್ಸಿನಲ್ಲಿ ಅರ್ಧ ದಾರಿಗೆ ತಡೆಯಲಾರದೆ, "ಮಿಕ್ಕಿದ್ದೆಲ್ಲಾ ಸರಿಯಾಗ್ ಹೇಳ್ದಾ?" ಎಂದ. ಹೂಂ ಎಂದೆ. ಅವನು ಕಿಟಕಿಯ ಕಡೆ ತಿರುಗಿಕೊಂಡ. ಸೀಟು ಹೋಯಿತು ಎಂದು ಇಬ್ಬರೂ ತೀರ್ಮಾನ ಮಾಡಿಕೊಂಡೇ ಮನೆಗೆ ಬಂದೆವು.

ಹೋಗಿರಲಿಲ್ಲ. ಪ್ರಾಯೋಗಿಕದಲ್ಲಿ ನನಗೆ ಬಂದ ಅಂಕ ಸಿಇಟಿಯಲ್ಲಿ ಮುಳುಗಿದ್ದ ನನ್ನನ್ನು ಜುಟ್ಟು ಹಿಡಿದು ಮೇಲೆತ್ತಿತು. ಆ ಮೇಷ್ಟ್ರು ಏನು ಬರೆದುಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ನಾನು ಕೃಷಿ ಇಲಾಖೆಯ ನೌಕರಿಯಲ್ಲಿದ್ದೇನೆ. ನಮ್ಮ ಬೀದಿಯ ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ಬಂದು, ಮೇಡಂ, ಸಿಇಟಿ ಅಂಕ ಅಷ್ಟೊಂದು ಮುಖ್ಯವಾ ಎಂದು ಕೇಳುತ್ತಾರೆ. ಮುಖ್ಯ ಎಂದರೆ ಮಗು ಹೆದರುತ್ತದೆ, ಅಲ್ಲ ಎಂದರೆ ಸುಳ್ಳಾಗುತ್ತದೆ. ಬಾಗಿಲಿಗೆ ಒಂದೇ ಅಳತೆ ಇಟ್ಟರೆ ಅದಕ್ಕೆ ಹೊಂದುವವರು ಮಾತ್ರ ಒಳಗೆ ಹೋಗುತ್ತಾರೆ. ನನ್ನ ಪುಣ್ಯಕ್ಕೆ ನನಗೆ ಇನ್ನೊಂದು ಬಾಗಿಲಿತ್ತು. ಇಷ್ಟನ್ನು ಹೇಳಿ ಅವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ. ಅಕ್ಕನ ವಿಷಯ ಯಾರಿಗೂ ಹೇಳುವುದಿಲ್ಲ.

ಸೀಟು ಸಿಕ್ಕಿತೆಂದು ಗೊತ್ತಾದ ದಿನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಅಕ್ಕ ಆ ಹೊತ್ತಿಗೆ ತಲೆಯ ಬಟ್ಟೆ ಬಿಚ್ಚಿ ನಡುಮನೆಯಲ್ಲಿ ಓಡಾಡುತ್ತಿದ್ದಳು. ಅವಳನ್ನು ಗಂಡನ ಮನೆಗೆ ಕಳಿಸಲು ಅಮ್ಮ ಒಳ್ಳೇ ದಿನ ನೋಡುತ್ತಿದ್ದಳು. ಅಮ್ಮ ಬಡಿಸುತ್ತಿದ್ದಳು, ಮಿಕ್ಕವರೆಲ್ಲ ಒಟ್ಟಿಗೆ ನೆಲದ ಮೇಲೆ ಕುಳಿತಿದ್ದೆವು. ಅಪ್ಪ ಆ ಮನೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮಗುವನ್ನು ಎತ್ತಿಕೊಂಡು, "ನಿಮ್ ಚಿಕ್ಕಮ್ಮ ಆಫೀಸರ್ ಆಗ್ತಾಳೆ ಕಣೋ" ಎಂದು ಅದರ ಹೊಟ್ಟೆಗೆ ಮೂತಿ ಒತ್ತಿದ. ಅಜ್ಜಿಗೂ ಖುಷಿ. ತನ್ನ ಹೆಬ್ಬೆರಳನ್ನು ಎಲ್ಲರಿಗೂ ಎತ್ತಿ ತೋರಿಸಿದಳು.

"ಈ ಹೆಬ್ಬೆಟ್ಟಿಂದ ಬಂದಿದ್ದು ಕಣ್ರವ್ವ ಸೀಟು. ದೊಡ್ಡೋಳ್ ವರ್ಷಾನೂ ಬಡ್ಕೊಂಡೆ, ನಡೀಲಾ ಗುಬ್ಬಿಗೆ, ಒತ್ತಿ ಬರ್ತೀನಿ ಅಂತ. ಕೇಳ್ಬೇಕಲ್ಲ ಇವ್ನು! ಹೊಲ ಉಳೋಕೆ ಓದಿಸ್ಬೇಕಾ ಅಂದ."

ಅಮ್ಮ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ಅಪ್ಪ ಮಗುವನ್ನು ನೋಡುತ್ತಿದ್ದ. ಅಜ್ಜಿಗೆ ತಾನು ಏನು ಹೇಳಿದೆ ಎಂದು ಇನ್ನೂ ಗೊತ್ತಾಗಿರಲಿಲ್ಲ. ಮುದ್ದೆ ಮುರಿಯುತ್ತಿದ್ದಳು.

"ನನ್ ವರ್ಷದಲ್ಲೂ ಇತ್ತಾ ಇದು?" ಎಂದಳು ಅಕ್ಕ.

ಅಜ್ಜಿ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.

"ಅಪ್ಪ, ನನ್ ವರ್ಷದಲ್ಲೂ ಇತ್ತಾ?"

"ಇತ್ತು ಕಣಮ್ಮ," ಎಂದ ಅಪ್ಪ. ಅವನ ದನಿ ಏಳಲಿಲ್ಲ. "ಕಾಲೇಜಲ್ಲಿ ಯಾರೋ ಹೇಳಿದ್ರು. ನೀನು ಇಂಜಿನಿಯರ್ ಆಗೋಳು ಅಂತ... ಅಷ್ಟ್ ಮಾರ್ಕ್ಸ್ ತೆಗೆದೋಳು ಮಣ್ಣು ಕೆರ್ಕೊಂಡ್ ಇರೋದಾ ಅಂತ... ನಂಗೆ ನಾಚಿಕೆ ಆಯ್ತು."

ಅವಳ ಪಿಯುಸಿ ಅಂಕ ನನ್ನದಕ್ಕಿಂತ ಎಷ್ಟು ಮೇಲಿತ್ತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳ ಹಾಳೆ ಸಾಲು ತಪ್ಪಿದ್ದರೂ ಸರಿ, ಪ್ರಾಯೋಗಿಕದಲ್ಲಿ ಸುಮಾರಾಗಿ ಉತ್ತರ ಹೇಳಿದ್ದರೂ ಸೀಟು ಅವಳದಾಗುತ್ತಿತ್ತು. ಮಣ್ಣು ಕೆರೆಯಬಾರದೆಂದು ಅರ್ಜಿ ಹಾಕಲಿಲ್ಲ, ಆಮೇಲೆ ಮಣ್ಣು ಕೆರೆಯುವ ಮನೆಗೇ ಮದುವೆ ಮಾಡಿ ಕಳಿಸಿದರು. ಅವಳ ಗತಿಯನ್ನು ನೋಡಿ ಹೆದರಿದ್ದರಿಂದಲೇ ಅಪ್ಪ ನನ್ನ ವರ್ಷದಲ್ಲಿ ನಾಚಿಕೆ ಬಿಟ್ಟು ಗುಬ್ಬಿಗೆ ಹೋಗಿದ್ದ. ಅಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ಯಾರ ಮೇಲೂ ಎಂದೂ ಬಂದಿಲ್ಲ, ಮತ್ತು ಆ ಸಿಟ್ಟಿಗೆ ನನ್ನ ಸೀಟಿನ ಖುಷಿ ಅಂಟಿಕೊಂಡೇ ಇತ್ತು, ಅದನ್ನು ಬಿಡಿಸಿ ಎಸೆಯಲು ಆಗುತ್ತಿರಲಿಲ್ಲ. ಅಕ್ಕ ಕೂಗಾಡಲಿಲ್ಲ. ಅಳಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು, ಕೈ ತೊಳೆದುಕೊಂಡು ಬಂದು, ಅಪ್ಪನ ಕೈಯಿಂದ ಮಗುವನ್ನು ಇಸಿದುಕೊಂಡಳು.

ಮಾರನೆಯ ದಿನ ಬೆಳಗ್ಗೆ ಅವಳು ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದಳು. ಇವತ್ತು ಮಂಗಳವಾರ, ಹೆಣ್ಣುಮಕ್ಕಳನ್ನು ಕಳಿಸಬಾರದು, ಅಳಿಯಂದಿರು ಬಂದು ಕರೆದುಕೊಂಡು ಹೋಗಲಿ ಎಂದು ಅಮ್ಮ ಅತ್ತಳು. ಅಜ್ಜಿ ಬಾಗಿಲಿಗೆ ಅಡ್ಡ ಕುಳಿತಳು, ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಅಕ್ಕ ಅಜ್ಜಿಯ ಕೈ ಹಿಡಿದು, "ನೀನ್ ಒಬ್ಳೇ ನಿಜ ಹೇಳಿದ್ದು, ಸುಮ್ನಿರು" ಎಂದು ಪಕ್ಕಕ್ಕೆ ಸರಿಸಿ ಹೊಸಿಲು ದಾಟಿದಳು. ಅಪ್ಪ ಗೇಟಿನ ಹತ್ತಿರ ನಿಂತಿದ್ದ. ಆಟೋ ಕರೆದು ತಂದವನು ಅವನೇ. ಮಗುವಿನ ಟೋಪಿ ಸರಿಮಾಡಲು ಕೈ ಚಾಚಿದ, ಅಕ್ಕ ನಿಂತು ಸರಿಮಾಡಿಸಿಕೊಂಡಳು.

ಬ್ಯಾಗು ಹಿಡಿದುಕೊಂಡು ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಕುಣಿಗಲ್ ಬಸ್ಸು ನಿಂತಿತ್ತು. ಅವಳಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬ್ಯಾಗನ್ನು ಕಾಲ ಬಳಿ ಇಟ್ಟು, ಕೆಳಗಿಳಿದು ಬಂದು ಕಿಟಕಿಯ ಹತ್ತಿರ ನಿಂತೆ. ಏನಾದರೂ ಹೇಳಬೇಕಿತ್ತು. ರಾತ್ರಿಯೆಲ್ಲ ಹೇಳಿಕೊಳ್ಳುತ್ತಿದ್ದ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಡ್ರೈವರ್ ಹತ್ತಿ ಹಾರನ್ ಹೊಡೆದ. ನಾನು, "ಅಕ್ಕ, ನಾನು..." ಎಂದೆ. ಅವಳು ಕಿಟಕಿಯಿಂದ ಕೈ ಚಾಚಿ ನನ್ನ ಭುಜ ಹಿಡಿದುಕೊಂಡಳು.

"ಚೆನ್ನಾಗ್ ಓದು. ನಿಂಗೋಸ್ಕರ ಓದು. ಆದ್ರೆ 'ನಿನ್ ಪಾಲಿಂದೂ ಸೇರ್ಸಿ ಓದ್ತೀನಿ ಅಕ್ಕ' ಅಂತ ಮಾತ್ರ ಅನ್ಬೇಡ ಕಣೇ. ಆ ಪಾಲು ನಂದು."

ನಾನು ಹೇಳಬೇಕೆಂದಿದ್ದದ್ದು ಅದೇ ಮಾತು. ಬಸ್ಸು ಹೊರಟಿತು.